ಶನಿವಾರವೇ ಮುಗಿದಿದ್ದ ಕಲ್ಲು

ಇಲ್ಯಾಪಾತ ಗುಡ್ಡದ ಇಂಕಾ ಕಾಲದ ಗೋಡೆಗಳನ್ನು ನೋಡಲು ನಸಾರ್ಯೊ ಯುಕ್ರ ಟಿಕೆಟ್ ತೆಗೆದುಕೊಳ್ಳಬೇಕಂತೆ. ಹನ್ನೊಂದು ವರ್ಷ ಅದೇ ಗುಡ್ಡದ ಮೇಲೆ ಕಲ್ಲು ಕೆತ್ತಿ, ಭೂಕಂಪಕ್ಕೆ ಮಲಗಿದ್ದ ಗೋಡೆಗಳನ್ನು ಎಬ್ಬಿಸಿ ನಿಲ್ಲಿಸಿದವನಿಗೆ ಟಿಕೆಟ್! ಬಸ್ಸಿಳಿದಾಗ ಈ ಮಾತಿಗೆ ಅವನು ಬಾಯ್ತುಂಬ ನಕ್ಕಿದ್ದ. ಏಳು ಗಂಟೆಗೆ ಸಾಲು ಹಿಡಿದವನು ಒಂಬತ್ತಾದರೂ ಅದೇ ಜರ್ಮನ್ ಹುಡುಗನ ಬೆನ್ನುಚೀಲವನ್ನು ನೋಡುತ್ತಾ ನಿಂತಿದ್ದಾಗ ನಗುವೆಲ್ಲ ಇಂಗಿಹೋಗಿತ್ತು. ಕೊನೆಗೂ ಕಿಟಕಿಯ ಮುಂದೆ ಬಂದ.

"ಯಾವ ದಾರಿ ತಾತ?" ಎಂದಳು ಒಳಗಿನ ಹುಡುಗಿ, ತಲೆ ಎತ್ತದೆ.

"ಮೇಲಕ್ಕೆ ಹೋಗೋ ದಾರಿ."

"ಮೂರು ದಾರಿ ಇವೆ. ಒಂದು, ಎರಡು, ಮೂರು. ಯಾವುದು ಕೊಡ್ಲಿ?"

"ನಮ್ಮ ಕಾಲದಲ್ಲಿ ಒಂದೇ ಇತ್ತಮ್ಮ. ಅದನ್ನ ಮಾಡಿದ್ದೂ ನಾವೇ."

"ಎರಡರಲ್ಲಿ ಜಾಗ ಇದೆ. ಕೊಡ್ಲಾ?"

"ಅದು ಮೇಲಿನ ಗೋಡೆ ಹತ್ರ ಹೋಗುತ್ತಾ?"

"ಗೋಡೆ ಎಲ್ಲಾ ಕಡೆನೂ ಇದೆ ತಾತ. ಹಿಂದೆ ಜನ ಕಾಯ್ತಿದ್ದಾರೆ."

ಎರಡನೆಯದನ್ನೇ ತೆಗೆದುಕೊಂಡ. ಬೇಲಿಯ ಪಕ್ಕದ ಬೆಂಚಿನ ಮೇಲೆ ಅವನ ಹೆಂಡತಿ ಮೆಲ್ಚೋರ ಬುತ್ತಿಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಬ್ಬಕ್ಕೆ ಮಾತ್ರ ಹೊರಬರುವ ಕೆಂಪು ಹೊದಿಕೆ, ಅಂಚಿಗೆ ಜರಿ ಹೊಲಿದ ಲಂಗ, ಚಪ್ಪಟೆ ಟೋಪಿ. ಗುಡ್ಡದಲ್ಲಿ ನೆಲೆಸಿದ ಹಿರಿಯರ ಆತ್ಮಗಳನ್ನು ಕಾಣಲು ಹೋಗುವಾಗ ಹಳೇ ಬಟ್ಟೆಯಲ್ಲಿ ಹೋಗುವುದೇ ಎಂದು ಅವಳು ನಸುಕಿನಲ್ಲೇ ಎದ್ದು ತಲೆ ಬಾಚಿ ಎರಡು ಜಡೆ ಹೆಣೆದುಕೊಂಡಿದ್ದಳು. ಅದೇ ತಪ್ಪಾಯಿತು. ಗೇಟಿನಲ್ಲಿದ್ದ ಕಾವಲಿನ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ ಕೈ ಅಡ್ಡ ಹಿಡಿದಳು.

"ದುಡ್ಡಿಗೆ ಫೋಟೋ ತೆಗೆಸ್ಕೊಳ್ಳೋರನ್ನ ಇಲ್ಲಿ ಬಿಡಲ್ಲ ತಾಯಿ. ಕುರಿಮರಿ ಎತ್ಕೊಂಡು ಕೆಳಗಿನ ಅಂಗಡಿ ಹತ್ರಾನೇ ನಿಂತ್ಕೋಬೇಕು."

"ಯಾವ ಕುರಿಮರಿ?" ಎಂದಳು ಮೆಲ್ಚೋರ. "ನನ್ನ ಹತ್ರ ಇರೋದು ಈ ಮುದಿ ಟಗರು ಒಂದೇ. ಇದನ್ನ ಎತ್ಕೊಳ್ಳೋಕಾಗಲ್ಲ, ನಡೆಸ್ಕೊಂಡು ಹೋಗ್ತೀನಿ."

ಸಾಲಿನಲ್ಲಿದ್ದವರು ನಕ್ಕರು. ಕಾವಲಿನವಳು ನಾಚಿಕೊಂಡು ಟಿಕೆಟ್ ಕೇಳಿದಳು, ನೋಡಿದಳು, ಹಿಂದಕ್ಕೆ ಕೊಟ್ಟಳು. ಎರಡನೇ ದಾರಿ ಕೆಳಗಿನ ಜಗಲಿಗಳನ್ನು ಸುತ್ತಿ ಹಾಗೇ ಹೊರಕ್ಕೆ ಬರುತ್ತದಂತೆ. ಮೇಲಿನ ಗೋಡೆಗೆ ಒಂದನೇ ದಾರಿಯೇ ಆಗಬೇಕಂತೆ. ಅದಕ್ಕೆ ಗೈಡ್ ಕಡ್ಡಾಯ, ಗುಂಪಿನಲ್ಲೇ ಹೋಗಬೇಕು, ಹನ್ನೊಂದರ ಪಾಳಿ. ಊರುಗೋಲಿನ ತುದಿಗೆ ರಬ್ಬರ್ ಹಾಕಿರಬೇಕು, ಇಲ್ಲದಿದ್ದರೆ ಕಲ್ಲು ಸವೆಯುತ್ತದೆ. ಬುತ್ತಿ ಒಳಗೆ ಒಯ್ಯುವಂತಿಲ್ಲ.

"ಕಲ್ಲು ಸವೆಯುತ್ತೆ!" ನಸಾರ್ಯೊ ಹಲ್ಲು ಕಡಿದ. "ನನ್ನ ಮಂಡಿ ಸವೆದಿದ್ದು ಯಾವನಿಗೂ ಕಾಣಲಿಲ್ಲ."

"ನಿನ್ನ ಮಂಡಿ ನೋಡೋಕೆ ಯಾರೂ ಟಿಕೆಟ್ ತಗೊಳ್ಳಲ್ಲ. ಹೋಗು, ಸಾಲು ಹಿಡಿ."

ಮತ್ತೆ ಸಾಲು. ಮತ್ತೆ ಅದೇ ಹುಡುಗಿ. ಟಿಕೆಟ್ ಬದಲಾಯಿಸಲು ಗುರುತಿನ ಚೀಟಿಯ ನಕಲು ಬೇಕೆಂದಳು. ನಕಲು ತೆಗೆಯುವ ಅಂಗಡಿಯವನು ಭಾನುವಾರದ ಪೂಜೆಗೆ ಹೋಗಿದ್ದ. ಅವನು ಬರುವವರೆಗೆ ಬಾಗಿಲಲ್ಲಿ ಕೂತು, ಬಂದ ಮೇಲೆ ಯಂತ್ರ ಬಿಸಿಯಾಗುವವರೆಗೆ ಕಾದು, ಪಕ್ಕದಂಗಡಿಯಲ್ಲಿ ಊರುಗೋಲಿಗೆ ರಬ್ಬರ್ ಟೋಪಿ ಹಾಕಿಸಿ, ಬೇಯಿಸಿದ ಮೆಕ್ಕೆಜೋಳವನ್ನೂ ಚೀಸನ್ನೂ ಬೆಂಚಿನ ಮೇಲೇ ಗಬಗಬ ತಿಂದು ಮುಗಿಸುವ ಹೊತ್ತಿಗೆ ನಸಾರ್ಯೊನಿಗೆ ಸಾಕುಸಾಕಾಗಿತ್ತು. ಇನ್ನೊಂದು ದಿನವಾಗಿದ್ದರೆ ಟಿಕೆಟ್ಟನ್ನು ಹರಿದು ಎಸೆದು ಬಸ್ಸು ಹತ್ತುತ್ತಿದ್ದ.

ಇವತ್ತು ಹಾಗೆ ಮಾಡುವಂತಿರಲಿಲ್ಲ. ನಲವತ್ತೊಂದು ವರ್ಷದ ಮೇಲೆ ಮೆಲ್ಚೋರ ಬಾಯಿಬಿಟ್ಟು ಕೇಳಿದ್ದಳು.

ವಿಷಯ ಇದು. ಅವರ ಮೊದಲ ಮಗು ಲೂಸ್ಮಿಲ ಏಳು ತಿಂಗಳಿನದಾಗಿದ್ದಾಗ ನಮ್ಮಲ್ಲಿ ಚಳಿಗಾಲವಾದ ಜೂನ್ ತಿಂಗಳ ಇಬ್ಬನಿ ಹೆಪ್ಪುಗಟ್ಟುವ ಚಳಿಯಲ್ಲಿ ಎದೆ ಕಟ್ಟಿ ಸತ್ತುಹೋಯಿತು. ಆಗ ನಸಾರ್ಯೊ ಗುಡ್ಡದ ಮೇಲಿದ್ದ. ಕೆಲಸದವರು ಸೋಮವಾರ ಹತ್ತಿ ಶನಿವಾರ ಮಧ್ಯಾಹ್ನ ಇಳಿಯುವುದು ವಾಡಿಕೆ. ಮಗುವಿಗೆ ಮೈ ಸುಡುತ್ತಿದೆ, ಶನಿವಾರ ತಪ್ಪದೆ ಬಾ ಎಂದು ಮೆಲ್ಚೋರ ಶುಕ್ರವಾರವೇ ಹೇಳಿ ಕಳುಹಿಸಿದ್ದಳು. ಅವನು ಬಂದದ್ದು ಸೋಮವಾರ ಸಂಜೆ. ಅಷ್ಟರಲ್ಲಿ ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಒಬ್ಬಳೇ ನಾಲ್ಕು ಗಂಟೆ ನಡೆದು ಆಸ್ಪತ್ರೆ ಮುಟ್ಟಿ, ಭಾನುವಾರ ಬೆಳಿಗ್ಗೆ ಅದೇ ಬೆನ್ನಿನ ಮೇಲೆ ಹೆಣವನ್ನು ಹೊತ್ತು ವಾಪಸು ಬಂದಿದ್ದಳು.

ಮಂತ್ರಿಗಳು ಬರುವವರಿದ್ದರು, ಗೋಡೆಯ ನಡುವಿನ ಕಲ್ಲೊಂದು ಕೂರಬೇಕಿತ್ತು, ಮೇಸ್ತ್ರಿ ಎವಾರಿಸ್ತೊ ಬಿಡಲಿಲ್ಲ, ಕೈಕಾಲು ಹಿಡಿದರೂ ಬಿಡಲಿಲ್ಲ ಎಂದು ಅವನು ಅಂದು ಅವಳ ಮುಂದೆ ನೆಲಕ್ಕೆ ಕುಸಿದು ಹೇಳಿದ್ದ. ಎವಾರಿಸ್ತೊ ಬರೀ ಮೇಸ್ತ್ರಿಯಲ್ಲ. ಮಗುವಿನ ದೀಕ್ಷಾಸ್ನಾನದ ದಿನ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದವನು, ಲೂಸ್ಮಿಲಳ ಧರ್ಮದ ತಂದೆ. ನಮ್ಮಲ್ಲಿ 'ಕಂಪಾದ್ರೆ' ಎಂಬ ಆ ನಂಟು ಒಡಹುಟ್ಟಿದವರ ನಂಟಿಗಿಂತ ಒಂದು ಕೈ ಮೇಲೆ. ಮಣ್ಣಿನ ದಿನ ಅವನು ಒಂದು ಮೂಟೆ ಆಲೂಗಡ್ಡೆ ಹೊತ್ತು ಬಾಗಿಲಿಗೆ ಬಂದಿದ್ದ. ಮೆಲ್ಚೋರ ಬಾಗಿಲು ತೆಗೆಯಲಿಲ್ಲ. ಮೂಟೆ ಹೊರಗೇ ಕೊಳೆಯಿತು. ಅಂದಿನಿಂದ ಅವಳು ಅವನಿಗೆ ಎದುರಾದರೆ ಬೆನ್ನು ತಿರುಗಿಸುತ್ತಿದ್ದಳು. ಸಂತೆಯಲ್ಲಿ, ಚರ್ಚಿನಲ್ಲಿ, ಕಾಲುವೆ ತೆಗೆಯುವ ಊರೊಟ್ಟಿನ ಕೆಲಸದಲ್ಲಿ, ಎಲ್ಲಿ ಸಿಕ್ಕರೂ. ಆಮೇಲೆ ಹುಟ್ಟಿದ ಇಬ್ಬರು ಮಕ್ಕಳಿಗೂ 'ಆ ಮನೆಯ ನೀರು ಮುಟ್ಟಬೇಡಿ' ಎಂದೇ ಹೇಳಿ ಬೆಳೆಸಿದಳು.

ಹೋದ ತಿಂಗಳು ಎವಾರಿಸ್ತೊ ತೀರಿಕೊಂಡ. ಎಂಬತ್ತೆಂಟು ವರ್ಷ. ಚರ್ಚಿನ ಗಂಟೆ ಹೊಡೆದದ್ದು ಕೇಳಿ ಮೆಲ್ಚೋರ ಒಲೆಯ ಮುಂದೆ ಕೂತು, "ಅವನೂ ಹೋದ. ಇನ್ನು ಯಾರ ಮೇಲೆ ಕೋಪ ಇಟ್ಕೊಳ್ಳಲಿ?" ಎಂದಳು. ಆಮೇಲೆ, "ಆ ಕಲ್ಲು ತೋರ್ಸು ನನಗೆ. ನೋಡಿ ಮುಗಿಸ್ಬಿಡ್ತೀನಿ" ಎಂದಳು.

ಅಷ್ಟು ವರ್ಷ ಆ ಗುಡ್ಡದ ಕಡೆ ಮುಖವೂ ಹಾಕದವಳು. ತೋರಿಸಿಬಿಟ್ಟರೆ ಇವಳ ಎದೆಯ ಭಾರ ಇಳಿಯುತ್ತದೆ, ಈ ಕಥೆ ಇಲ್ಲಿಗೆ ಮುಗಿಯುತ್ತದೆ ಎಂದು ನಸಾರ್ಯೊನಿಗೂ ಅನಿಸಿತು. ಅವನಿಗೂ ಮುಗಿಯಬೇಕಿತ್ತು. ಯಾಕೆಂದರೆ ಅವನು ಹೇಳಿದ ಕಥೆಯಲ್ಲಿ ಒಂದು ಮಾತು ಸುಳ್ಳು. ಎವಾರಿಸ್ತೊ ಬಿಡದೇ ಇರಲಿಲ್ಲ. ಶನಿವಾರ ಮಧ್ಯಾಹ್ನ ಅವನೇ ಬಂದು, "ಸಾಕು ಮಾರಾಯ, ಚೆನ್ನಾಗಿ ಕೂತಿದೆ. ಮಂತ್ರಿ ಏನು ಬಗ್ಗಿ ನೋಡ್ತಾನಾ? ಮಗೂಗೆ ಹುಷಾರಿಲ್ವಂತೆ, ಮನೆಗೆ ನಡಿ" ಎಂದಿದ್ದ. ಕೆಳಗಿನ ಬಲಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದಿತ್ತು. ಅದೊಂದು ಕೂಡಿಸಿ ಹೊರಡೋಣ ಎಂದು ನಸಾರ್ಯೊ ಕೂತ. ಎವಾರಿಸ್ತೊ ಮುಂದೆ ಒಂದು ದಿನವೂ ಬಾಯಿ ಬಿಡಲಿಲ್ಲ. ಹೆಂಡತಿ ಬೆನ್ನು ತಿರುಗಿಸಿದಾಗೆಲ್ಲ ಅವನು ಟೋಪಿ ತೆಗೆದು ನಸಾರ್ಯೊನ ಮುಖ ಒಮ್ಮೆ ನೋಡಿ ಹೊರಟುಹೋಗುತ್ತಿದ್ದ. ಆ ನೋಟವನ್ನು ನಸಾರ್ಯೊ ನಲವತ್ತೊಂದು ವರ್ಷ ನುಂಗಿಕೊಂಡು ಬಂದಿದ್ದ.

ಹನ್ನೊಂದಕ್ಕೆ ಗುಂಪು ಹೊರಟಿತು. ಗೈಡ್ ವಿಲ್ಬರ್ ಎಂಬ ಮೂವತ್ತರ ಯುವಕ. ಕೈಯಲ್ಲೊಂದು ಬಾವುಟ, ಸೊಂಟದಲ್ಲೊಂದು ಪುಟ್ಟ ಧ್ವನಿವರ್ಧಕ. ಪಕ್ಕದ ಕುಸ್ಕೊದವನೇ ಆದರೂ ಮಾತಿಗೆ ರಾಜಧಾನಿ ಲಿಮಾದ ರಾಗ ಎಳೆದುಕೊಂಡಿದ್ದ. ಗುಂಪಿನಲ್ಲಿ ಇವರಿಬ್ಬರನ್ನು ಬಿಟ್ಟು ಹದಿನಾಲ್ಕು ಮಂದಿ, ಹೆಚ್ಚಿನವರು ಲಿಮಾದಿಂದ ರಜೆಗೆ ಬಂದವರು. ಅವರಲ್ಲಿ ದೊಡ್ಡ ಕಪ್ಪು ಕನ್ನಡಕದ ಹೆಂಗಸೊಬ್ಬಳು ಹೆಜ್ಜೆಗೊಮ್ಮೆ ನಿಂತು ಉಬ್ಬಸ ಬಿಡುತ್ತಾ, "ಅಯ್ಯೋ, ಇನ್ನೂ ಎಷ್ಟು ಮೆಟ್ಟಿಲು?" ಎನ್ನುತ್ತಿದ್ದಳು.

"ಇನ್ನೂರ ಹದಿನೆಂಟು," ಎಂದ ನಸಾರ್ಯೊ.

"ಸುಮಾರು ಮುನ್ನೂರು ಸೆನ್ಯೋರಾ," ಎಂದ ವಿಲ್ಬರ್ ಅದೇ ಹೊತ್ತಿಗೆ.

ಇನ್ನೂರ ಹದಿನೆಂಟರಲ್ಲಿ ತೊಂಬತ್ತನ್ನು ತಾನೇ ಕೂರಿಸಿದ್ದೆ ಎನ್ನಲು ನಸಾರ್ಯೊ ಬಾಯಿ ತೆರೆದ. ಧ್ವನಿವರ್ಧಕ ಅದಾಗಲೇ ಮುಂದಿನ ತಿರುವಿನಲ್ಲಿತ್ತು. ಹೀಗೇ ಆಯಿತು ಉದ್ದಕ್ಕೂ. ಅವನು ಒಂದು ಕಡೆ ನಿಂತು ನೋಡಬೇಕೆಂದರೆ "ಗುಂಪು ಬಿಟ್ಟು ನಿಲ್ಲಬೇಡಿ ತಾತ". ಹಳೇ ಅಡ್ಡದಾರಿಯಲ್ಲಿ ಹೋದರೆ ಎರಡೇ ನಿಮಿಷಕ್ಕೆ ಮೇಲಿನ ಗೋಡೆ ಸಿಗುತ್ತಿತ್ತು, ಅಲ್ಲಿಗೆ ಹಗ್ಗ ಕಟ್ಟಿ ಕೆಂಪು ಫಲಕ ನೇತು ಹಾಕಿದ್ದರು. ಅಡುಗೆಯ ಗುಡಿಸಲು ಇದ್ದ ಜಾಗದಲ್ಲಿ ಶೌಚಾಲಯ ಎದ್ದಿತ್ತು. ಬೆವರು ಒರೆಸಿಕೊಳ್ಳಲು ಒಂದು ಕಟ್ಟೆಯ ಮೇಲೆ ಕೂತರೆ ಮೇಲಿನಿಂದ ಇನ್ನೊಬ್ಬ ಕಾವಲಿನವಳ ಸೀಟಿ ಕೇಳಿಸಿತು.

"ಕೂರೋ ಹಾಗಿಲ್ಲ! ಪುರಾತನ ಕಲ್ಲು!"

"ಎಂಬತ್ತೆರಡನೇ ಇಸವಿ ಕಲ್ಲು ಕಣಮ್ಮಾ ಇದು!" ನಸಾರ್ಯೊ ಕೂಗಿ ಹೇಳಿದ. "ಕೆಲಸದವರು ಕೂತು ಉಣ್ಣೋಕೆ ಅಂತಾನೇ ಹಾಕಿದ್ದು!"

ಸೀಟಿ ಮತ್ತೊಮ್ಮೆ ಮೊಳಗಿತು. ಅವನು ಎದ್ದ. ಮೈಯೆಲ್ಲ ಉರಿಯುತ್ತಿತ್ತು.

"ಅರಚ್ಬೇಡ," ಎಂದಳು ಮೆಲ್ಚೋರ. ಅವಳು ಗುಂಪಿನ ಯಾರಿಗಿಂತಲೂ ಸಲೀಸಾಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹತ್ತುತ್ತಿದ್ದಳು. "ನೀನು ಕಟ್ಟೆ ತೋರ್ಸೋಕೆ ಕರ್ಕೊಂಡು ಬಂದಿಲ್ಲ. ಕಲ್ಲು ತೋರ್ಸೋಕೆ ಬಂದಿರೋದು."

"ತೋರಿಸ್ತೀನಿ ಅಂದ್ನಲ್ಲ."

"ಗುರುತು ಸಿಗುತ್ತಾ?"

"ನನ್ನ ಕಲ್ಲು ನನಗೆ ಗುರುತು ಸಿಗದೇ ಇರುತ್ತಾ? ಕೆಳಗಿಂದ ಮೂರನೇ ಸಾಲು. ಎರಡನೇ ಗೂಡಿನ ಎಡಕ್ಕೆ. ಕಣ್ಣು ಕಟ್ಟಿ ಬಿಟ್ರೂ ಹೋಗಿ ಕೈ ಇಡ್ತೀನಿ."

ಅವಳು ಎದೆಯ ಮೇಲೆ ಹೊದಿಕೆಗೆ ಚುಚ್ಚಿದ್ದ ದೊಡ್ಡ ಪಿನ್ನನ್ನು ಬಿಚ್ಚಿ, ಹೊದಿಕೆ ಸರಿಪಡಿಸಿ, ಮತ್ತೆ ಚುಚ್ಚಿಕೊಂಡಳು. ಮದುವೆಯ ದಿನ ಚರ್ಚಿನ ಬಾಗಿಲಲ್ಲೂ ಹಾಗೇ ಮಾಡಿದ್ದಳು. ಅವಳಿಗೆ ಭಯವಾಗಿದೆ ಎಂದು ನಸಾರ್ಯೊನಿಗೆ ಗೊತ್ತಾಯಿತು.

ಮೇಲಿನ ಗೋಡೆ ಹಾಗೇ ಇತ್ತು. ಹದಿನಾರು ಮಾರು ಉದ್ದ, ನಡುನಡುವೆ ಗೂಡುಗಳು, ಬೂದುಬಣ್ಣದ ಕಲ್ಲುಗಳು ಒಂದಕ್ಕೊಂದು ಒತ್ತಿ ಕೂತು, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಮೌನವಾಗಿದ್ದವು. ಅದರ ಮುಂದೆ ಎರಡು ಮಾರು ದೂರಕ್ಕೆ ಹಗ್ಗ ಕಟ್ಟಿದ್ದರು. ನಸಾರ್ಯೊ ಹಗ್ಗಕ್ಕೆ ಹೊಟ್ಟೆ ಆನಿಸಿ ನಿಂತು ಎಣಿಸಿದ. ಮೂರನೇ ಸಾಲು. ಎರಡನೇ ಗೂಡು. ಎಡಕ್ಕೆ.

ಅಲ್ಲಿದ್ದದ್ದು ಅವನ ಕಲ್ಲಾಗಿರಲಿಲ್ಲ. ಆಗಿತ್ತೋ? ಅವನ ಕಲ್ಲಿಗೆ ಏಳು ಮೂಲೆ. ಇದಕ್ಕೆ ಆರು. ಪಕ್ಕದ್ದಕ್ಕೆ ಏಳಿತ್ತು, ಆದರೆ ಅದು ಇಷ್ಟು ಅಗಲವಿತ್ತೇ? ಬಲಗಡೆಯಿಂದ ಎಣಿಸಬೇಕಿತ್ತೇನೋ. ಬಲಗಡೆಯಿಂದ ಎಣಿಸಿದ. ಆಗ ನಾಲ್ಕೇ ಗೂಡು ನಿಂತಿದ್ದವು, ಈಗ ಆರು ಇವೆ. ಅವನು ಬಿಟ್ಟ ಮೇಲೆ ಬೇರೆಯವರು ಬಂದು ಇನ್ನೆರಡು ಎಬ್ಬಿಸಿದ್ದಾರೆ. ಹಾಗಾದರೆ ಎರಡನೆಯದು ಯಾವುದು? ಕಲ್ಲುಗಳ ಮೇಲೆಲ್ಲ ಒಂದೇ ಥರ ಹಾವಸೆ ಒಣಗಿ ಬಿಳಿ ಚುಕ್ಕೆಯಾಗಿ ಕೂತಿತ್ತು. ಹಳೆಯದು ಹೊಸದು ಎಂಬ ಭೇದ ಬಿಸಿಲಿಗೂ ಮಳೆಗೂ ಗೊತ್ತಿರಲಿಲ್ಲ.

ಗುರುತಿನ ಕುಳಿಯಾದರೂ ಇದ್ದಿದ್ದರೆ! ಹೊಸದಾಗಿ ಕೆತ್ತಿದ ಪ್ರತಿ ಕಲ್ಲಿನ ಮುಖದ ಮೇಲೂ ಬೆರಳುಗುರಿನಷ್ಟು ಕುಳಿ ಕೊರೆಯಬೇಕೆಂಬುದು ಇಂಜಿನಿಯರನ ಕಟ್ಟಪ್ಪಣೆಯಾಗಿತ್ತು. ಮುಂದೆ ಓದಿದವರು ಬಂದು ನೋಡಿದಾಗ ಯಾವುದು ಅಜ್ಜಂದಿರದು, ಯಾವುದು ನಮ್ಮದು ಎಂದು ತಿಳಿಯಬೇಕಲ್ಲ. ಉಳಿದವರೆಲ್ಲ ಕೊರೆದರು. ನಸಾರ್ಯೊ ಮಾತ್ರ ಆ ಒಂದು ಕಲ್ಲಿಗೆ ಕುಳಿಯನ್ನು ಹಿಂಬದಿಗೆ, ಗೋಡೆಯ ಹೊಟ್ಟೆಯೊಳಗೆ ಹೋಗುವ ಮುಖಕ್ಕೆ ಕೊರೆದ. ಇಷ್ಟು ಚೆಂದದ ಕಲ್ಲಿನ ಹಣೆಗೆ ತೂತು ಹೊಡೆಯುವ ಮನಸ್ಸು ಬರಲಿಲ್ಲ. ಇಪ್ಪತ್ತೆಂಟರ ಕೊಬ್ಬು. ನಾನು ಕೆತ್ತಿದ್ದೆಂದು ಯಾವ ದೇವರಿಗೂ ಗೊತ್ತಾಗಬಾರದು ಎಂದು ಅಂದು ಎವಾರಿಸ್ತೊನ ಮುಂದೆ ಜಂಬ ಕೊಚ್ಚಿಕೊಂಡಿದ್ದ.

"ಯಾವುದು?" ಎಂದಳು ಮೆಲ್ಚೋರ ಪಕ್ಕದಲ್ಲಿ.

"ತಡಿ."

"ಮೂರನೇ ಸಾಲು ಅಂದೆಯಲ್ಲ?"

"ತಡಿ ಅಂದ್ನಲ್ಲೇ! ಈ ಹಗ್ಗ ಬೇರೆ. ಹತ್ರ ಹೋಗಿ ಕೈಯಾಡಿಸಿದ್ರೆ ಒಂದೇ ನಿಮಿಷ."

ಅವನು ಹಗ್ಗದ ಕೆಳಗೆ ತಲೆ ಹಾಕಿದ. ಎಲ್ಲಿತ್ತೋ, ಸೀಟಿ. ತಲೆ ಹೊರಗೆ ತೆಗೆದ. ಆಗಲೇ ವಿಲ್ಬರ್ ಗುಂಪನ್ನು ಅರ್ಧಚಂದ್ರಾಕಾರ ನಿಲ್ಲಿಸಿ ಧ್ವನಿವರ್ಧಕದ ಗುಂಡಿ ಒತ್ತಿದ್ದು.

"ಈಗ ಈ ಗೋಡೆ ನೋಡಿ ಸ್ನೇಹಿತರೇ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಬ್ಯಾಂಕ್ ಕಾರ್ಡ್ ತೂರ್ಸಿದ್ರೂ ಒಳಗೆ ಹೋಗಲ್ಲ. ಐನೂರು ವರ್ಷ! ಇವತ್ತು ಎಂಥ ಯಂತ್ರ ತಂದ್ರೂ ಹಿಂಗೆ ಕೂರ್ಸೋಕಾಗಲ್ಲ. ಆ ವಿದ್ಯೆ ಅವರ ಜೊತೆನೇ ಮಣ್ಣಾಯ್ತು. ಈಗಿನ ಮನುಷ್ಯನ ಕೈಯಲ್ಲಿ ಆಗೋ ಕೆಲಸ ಅಲ್ಲ ಇದು."

"ಬೇರೆ ಗ್ರಹದೋರು ಬಂದು ಕಟ್ಟಿದ್ದು ಅಂತಾರಲ್ಲ, ನಿಜಾನಾ?" ಎಂದಳು ಕಪ್ಪು ಕನ್ನಡಕದ ಹೆಂಗಸು.

ವಿಲ್ಬರ್ ನಕ್ಕ. "ಹಾಗೂ ಹೇಳೋರಿದ್ದಾರೆ ಸೆನ್ಯೋರಾ. ಇಲ್ಲ ಅನ್ನೋಕೆ ನಾನ್ಯಾರು?"

ಬೆಳಗಿನಿಂದ ಅದುಮಿಟ್ಟದ್ದೆಲ್ಲ ನಸಾರ್ಯೊನ ನೆತ್ತಿಗೇರಿತು. ಸಾಲು, ನಕಲು, ರಬ್ಬರು, ಸೀಟಿ, ಕಣ್ಣೆದುರಿಗಿದ್ದೂ ಸಿಗದ ಕಲ್ಲು.

"ಯಾವ ಗ್ರಹ?" ಎಂದು ಗುಡುಗಿದ. "ನಾನು ಚಿಲ್ಕಪಂಪದೋನು! ಆ ಗುಡ್ಡದ ಕೆಳಗಿನ ಊರು! ನಾನು ಕೂರ್ಸಿರೋ ಕಲ್ಲಿದೆ ಈ ಗೋಡೇಲಿ!"

ಎಲ್ಲರೂ ತಿರುಗಿದರು. ವಿಲ್ಬರ್ ತಾಳ್ಮೆಯ ಮುಖ ಮಾಡಿ, "ತಾತ, ಇದು ಮೂಲ ಗೋಡೆ," ಎಂದ.

"ಮೂಲವಂತೆ ಮೂಲ! ನಿಮ್ಮಪ್ಪ ಇನ್ನೂ ಚಡ್ಡಿ ಹಾಕ್ತಿದ್ದ ಆಗ. ಈ ಗೋಡೆ ಬಾಯಿ ಬಿಟ್ಕೊಂಡು ಬಿದ್ದಿತ್ತು. ನಡುವಿನ ಒಂದು ಕಲ್ಲು ಸಿಗ್ಲೇ ಇಲ್ಲ, ಹೊಳೆವರೆಗೂ ಹುಡುಕಿದ್ವಿ. ಅದನ್ನ ನಾನು ಕೆತ್ತಿದೆ. ಏಳು ಮೂಲೆ! ಕೆಳಗಿನ ಕಲ್ಲಿಗೆ ಕೆಮ್ಮಣ್ಣು ಬಳಿಯೋದು, ಮೇಲಿಂದ ಇಳಿಸೋದು, ಎತ್ತೋದು, ಎಲ್ಲೆಲ್ಲಿ ಕೆಂಪು ಅಂಟಿದೆಯೋ ಅಷ್ಟು ತಟ್ಟೋದು. ಮತ್ತೆ ಇಳಿಸೋದು. ಉಳಿಯಲ್ಲಲ್ಲ, ಹೊಳೆಕಲ್ಲಲ್ಲಿ, ಅಜ್ಜಂದಿರು ಮಾಡಿದ ಹಾಗೇ. ನೂರಾ ಎಪ್ಪತ್ತು ಸಲ ಎತ್ತಿ ಇಳಿಸಿದ್ದೀವಿ, ಗೊತ್ತಾ? ಕೈಯಲ್ಲಾಗಲ್ವಂತೆ! ಈ ಕೈ ನೋಡು!"

ಕೈಗಳನ್ನು ಎತ್ತಿ ಹಿಡಿದ. ಎಡಗೈಯ ಎರಡು ಬೆರಳು ತುದಿಯಲ್ಲಿ ಚಪ್ಪಟೆಯಾಗಿದ್ದವು. ಗುಂಪು ಹತ್ತಿರ ಸರಿಯಿತು. ಯಾರೋ ಫೋನು ಎತ್ತಿದರು. ಬೆಳಗಿನಿಂದ ಅವನ ಮಾತಿಗೆ ಕಿವಿಗೊಟ್ಟವರು ಇವರೇ ಮೊದಲು, ಅದು ಅವನಿಗೆ ಹೆಂಡದ ಹಾಗೆ ಏರಿತು.

"ಅಷ್ಟೊಂದು ಸಲಾನಾ?" ಎಂದಳು ಕನ್ನಡಕದವಳು. "ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನನಗೆ ಗೊತ್ತಾಗ್ತಿತ್ತಲ್ಲ! ಮೇಸ್ತ್ರಿನೂ ಇದನ್ನೇ ಅಂದ. ಶನಿವಾರ ಮಧ್ಯಾಹ್ನವೇ ಅಂದ, ಸಾಕು ಮಾರಾಯ, ಚೆನ್ನಾಗಿ ಕೂತಿದೆ, ಮನೆಗೆ ನಡಿ ಅಂತ. ನಾನು ಏಳ್ಲಿಲ್ಲ. ಒಂದು ಮೂಲೇಲಿ ಕೂದಲೆಳೆಯಷ್ಟು ಸಂದಿತ್ತು. ಶನಿವಾರ ರಾತ್ರಿ ಇಲ್ಲೇ ಇದ್ದೆ, ಭಾನುವಾರ ಇಡೀ ದಿನ ಇಲ್ಲೇ, ಸೋಮವಾರ ಮಂತ್ರಿ ಕಾರು ಕೆಳಗೆ ಬಂದು ನಿಂತಾಗ ಕೂಡ್ತು ನೋಡಿ, ಹಾಗೆ—"

ಬಾಯಿ ಜಾರಿದ್ದು ಅವನಿಗೆ ತಿಳಿದದ್ದು ಆಗ. ಮಾತು ಅಲ್ಲೇ ನಿಂತಿತು. ತಿರುಗಿ ನೋಡುವುದು ಬೇಡವೆನಿಸಿತು, ಆದರೂ ತಿರುಗಿದ. ಮೆಲ್ಚೋರ ಗುಂಪಿನ ಹಿಂದೆ, ಎರಡು ಕೈಯಲ್ಲೂ ಹೊದಿಕೆಯ ಅಂಚು ಹಿಡಿದು ನಿಂತಿದ್ದಳು. ಅವಳು ಕೂಗಲಿಲ್ಲ. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಸಂತೆಯಲ್ಲಿ ಲೆಕ್ಕ ತಪ್ಪಿದಾಗ ಮನಸ್ಸಿನಲ್ಲೇ ಮೊದಲಿನಿಂದ ಕೂಡುತ್ತಾ ಬರುವವಳ ಹಾಗೆ ಅವಳ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು.

ಗುಂಪು ಚಪ್ಪಾಳೆ ತಟ್ಟಿತು. ವಿಲ್ಬರ್ ಗಟ್ಟಿಗ, ಗಾಳಿ ತಿರುಗಿದ್ದು ನೋಡಿ ತಾನೂ ತಿರುಗಿದ. "ನೋಡಿ ಸ್ನೇಹಿತರೇ, ಎಂಥ ಅದೃಷ್ಟ ನಿಮ್ಮದು! ಇಂಕಾಗಳ ವಿದ್ಯೆ ಸತ್ತಿಲ್ಲ, ಇಲ್ಲೇ ನಮ್ಮ ನಡುವೆ ನಿಂತಿದೆ. ತಾತ, ಯಾವುದು ನಿಮ್ಮ ಕಲ್ಲು? ತೋರಿಸಿ, ಎಲ್ಲರೂ ಫೋಟೋ ತಗೊಳ್ಳಲಿ."

"ಹೌದು ಹೌದು, ತೋರಿಸಿ!"

"ಅದರ ಮುಂದೆ ನಿಂತ್ಕೊಳ್ಳಿ ಸೆನ್ಯೋರ್!"

ಹದಿನಾಲ್ಕು ಜನ ಅವನ ಬೆರಳನ್ನೇ ನೋಡುತ್ತಿದ್ದರು. ನಸಾರ್ಯೊ ಗೋಡೆಯ ಕಡೆ ತಿರುಗಿದ. ಕಲ್ಲುಗಳೆಲ್ಲ ಒಂದೇ. ಒಂದೊಂದೂ ಅವನ ಕಲ್ಲೇ, ಒಂದೂ ಅವನದಲ್ಲ. ಮೂರನೇ ಗೂಡಿನ ಎಡಕ್ಕಿದ್ದ ಒಂದು ದಪ್ಪ ಕಲ್ಲಿನತ್ತ ಅವನ ಬೆರಳು ಹೋಯಿತು.

"ಅದು," ಎಂದ.

ಕಾವಲಿನವಳೂ ಸೀಟಿ ಬಾಯಿಂದ ತೆಗೆದು ನೋಡಿದಳು. ಲಿಮಾದವರು ಅವನ ಭುಜದ ಮೇಲೆ ಕೈ ಹಾಕಿ ಸರದಿಯ ಮೇಲೆ ನಿಂತರು, ನಗಿ ತಾತ ಎಂದರು. ಅವನು ನಕ್ಕ. ಕನ್ನಡಕದವಳು ಅವನ ಕೈಗಳದೇ ಬೇರೆ ಫೋಟೋ ತೆಗೆದಳು. "ಅಜ್ಜಿನೂ ಬರ್ಲಿ, ಜೋಡಿ ಫೋಟೋ ಒಂದು," ಎಂದಳು. ಅಜ್ಜಿ ಬರಲಿಲ್ಲ. ನಗುತ್ತಲೇ ನಿಂತಿದ್ದ ನಸಾರ್ಯೊನಿಗೆ ದವಡೆ ನೋಯತೊಡಗಿತು. ಇವರೆಲ್ಲ ಯಾವಾಗ ತೊಲಗುತ್ತಾರೋ ಎಂದೂ, ತೊಲಗದೇ ಇರಲಿ ಎಂದೂ ಒಟ್ಟಿಗೇ ಅನಿಸುತ್ತಿತ್ತು.

ತೊಲಗಿದರು. ವಿಲ್ಬರ್ ಬಾವುಟ ಎತ್ತಿ ಮುಂದಿನ ತಿರುವಿಗೆ ನಡೆದ, ಗುಂಪು ಹಿಂದೆ ಹೋಯಿತು. ಆಗ ಮೆಲ್ಚೋರ ಹಗ್ಗದ ಬಳಿ ಬಂದು ಅವನ ಪಕ್ಕ ನಿಂತಳು. ಅವನು ತೋರಿಸಿದ ಕಲ್ಲನ್ನು ನೋಡಿದಳು.

"ಇದೇನಾ?"

ಹೌದು ಎಂದರೆ ಆಗಿಹೋಗುತ್ತಿತ್ತು. ಅವಳು ನೋಡಿಯೂ ಮುಗಿಸುತ್ತಿದ್ದಳೇನೋ. ಆದರೆ ಎವಾರಿಸ್ತೊನ ಹೆಸರಿನಲ್ಲಿ ನಲವತ್ತೊಂದು ವರ್ಷ ಒಂದು ಸುಳ್ಳು ಹೇಳಿದ್ದ ಬಾಯಿಗೆ ಇನ್ನೊಂದು ಬರಲಿಲ್ಲ.

"ಅಲ್ಲ," ಎಂದ.

"ಮತ್ತೆ?"

"ಗೊತ್ತಿಲ್ಲ ಮೆಲ್ಚೋರ. ಸಿಗ್ತಿಲ್ಲ. ಹುಡುಕಿದೆ, ಎಣಿಸಿದೆ, ಎಲ್ಲಾ ಒಂದೇ ಥರ ಇದೆ." ಅವನ ದನಿ ಮಗುವಿನದರ ಹಾಗೆ ಸಣ್ಣಗಾಗಿತ್ತು. "ನನ್ನ ಕಲ್ಲು ನನಗೇ ಸಿಗ್ತಿಲ್ಲ."

ಅವಳು ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ನೋಡಿದಳು.

"ಅವನು ಮೂಟೆ ಹೊತ್ಕೊಂಡು ಬಂದಾಗ," ಎಂದಳು, "ಬಾಗಿಲ ಹಿಂದೆನೇ ನಿಂತಿದ್ದೆ ನಾನು. ಕಂಪಾದ್ರೆ ಅಂತ ನನಗೊಬ್ಬ ಇದ್ದ, ಅವನನ್ನೂ ಹೂತುಬಿಟ್ಟೆ ಅಂದ್ಕೊಂಡೆ. ಅವನು ಅಳ್ತಿದ್ದ ಕಣೋ. ಕೇಳಿಸ್ತಿತ್ತು ನನಗೆ. ಅಳ್ಲಿ, ಪಾಪಿ, ಅಂದ್ಕೊಂಡೆ."

"ಮೆಲ್ಚೋರ, ನಾನು—"

"ಸುಮ್ನಿರು."

ಕೆಳಗಿನ ಜಗಲಿಯಿಂದ ಧ್ವನಿವರ್ಧಕ ಏನನ್ನೋ ವಿವರಿಸುತ್ತಿತ್ತು. ಕಾವಲಿನ ಹೆಂಗಸು ಹತ್ತಿರ ಬಂದಳು. ಈ ಸಲ ಸೀಟಿ ಊದಲಿಲ್ಲ.

"ಮುಂದಿನ ಗುಂಪು ಬರ್ತಿದೆ ತಾಯಿ. ಇಲ್ಲಿಂದ ಹಿಂದಕ್ಕೆ ಹೋಗೋ ಹಾಗಿಲ್ಲ, ಮುಂದಕ್ಕೇ ನಡೀಬೇಕು."

ಮೆಲ್ಚೋರ ತಲೆಯಾಡಿಸಿದಳು. ಎರಡು ಹೆಜ್ಜೆ ಹೋದವಳು ನಿಂತು, ತಿರುಗದೆಯೇ ಹೇಳಿದಳು.

"ಒಂದು ಚೂರು ಕೆಟ್ಟದಾಗಿ ಕೆತ್ತಿದ್ರೆ ಏನಾಗ್ತಿತ್ತು ನಿನಗೆ? ಶನಿವಾರ ಮನೇಲಿರ್ತಿದ್ದೆ. ಕಲ್ಲೂ ಇವತ್ತು ಸಿಗ್ತಿತ್ತು."

ಅವಳು ಮೆಟ್ಟಿಲಿಳಿಯತೊಡಗಿದಳು. ಗೋಡೆಯ ಉದ್ದಕ್ಕೂ ಸಾಗುವ ದಾರಿ ಅದು, ಆದರೆ ಅವಳು ಒಮ್ಮೆಯೂ ಆ ಕಡೆ ಕಣ್ಣು ಹಾಯಿಸಲಿಲ್ಲ. ನಸಾರ್ಯೊ ಹಗ್ಗ ಹಿಡಿದು ನಿಂತೇ ಇದ್ದ. ಕೆಳಗಿಂದ ಮೂರನೇ ಸಾಲಿನಲ್ಲಿ ಅವನ ಕಣ್ಣು ಸುಮ್ಮನೆ ಒಂದು ಸಂದು ಹುಡುಕುತ್ತಿತ್ತು, ಎಲ್ಲೂ ಸಿಗುತ್ತಿರಲಿಲ್ಲ. "ತಾತ, ನಡೀರಿ," ಎಂದಳು ಕಾವಲಿನವಳು ಎರಡನೇ ಸಲ. ಅವನು ನಡೆದ.